ಹಳೆಯ ಸೀರಿಯಲ್ ಸೆಟ್ಟಿನ ಬೆಳಕು ಹೊಸದರಲ್ಲಿ ಏಕೆ ಸಿಗುವುದಿಲ್ಲ

ಡಿಸೆಂಬರ್ ಹುಟ್ಟಿದೊಡನೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ ಮತ್ತು ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು, ಬಣ್ಣದ ಗಾಜಿನ ಗುಂಡುಗಳು, ದೀಪದ ಸರಗಳು ತೂಗಾಡತೊಡಗುತ್ತವೆ. ಗಣೇಶ ಚೌತಿಗೆ ಮಂಟಪದ ಮೇಲೆ, ದೀಪಾವಳಿಗೆ ಮನೆಯ ಕಟಾಂಜನಕ್ಕೆ ಸುತ್ತುವಂಥ ಸರಗಳೇ ಕ್ರಿಸ್‌ಮಸ್ ಬಂದಾಗ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯ ಮೇಲೂ ಮಿನುಗುತ್ತವೆ. ಊರಿನ ಹಬ್ಬಗಳೆಲ್ಲ ಬಹುಕಾಲದಿಂದ ಈ ಒಂದು ಸಾಮಾನನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಬಂದಿವೆ.

ಈಚೆಗೆ ಈ ಸರಗಳ ಸಾಲಿಗೆ ‘ವಿಂಟೇಜ್’, ‘ರೆಟ್ರೋ’ ಎಂಬ ಹೆಸರು ಹೊತ್ತ ಪೆಟ್ಟಿಗೆಗಳು ಬಂದು ಸೇರಿವೆ. ಹಳೆಯ ಮಾದರಿಯ ದಪ್ಪ ಬಲ್ಬು, ಒಳಗೆ ಕಾಣುವ ಹಳದಿ ತಂತಿ, ಮಂದ ಬೆಳಕು ಇವುಗಳಿಗಾಗಿ ಜನರು ಹೆಚ್ಚಿನ ಬೆಲೆ ಕೊಡಲು ಸಿದ್ಧರಿದ್ದಾರೆ. ಕೆಲವರು ವಿದೇಶದಲ್ಲಿರುವ ಬಂಧುಗಳ ಮೂಲಕ ನಿಜವಾದ ಹಳೆಯ ಸರಗಳನ್ನೇ ತರಿಸಿಕೊಳ್ಳುತ್ತಿದ್ದಾರೆ, ಮತ್ತೆ ಕೆಲವರು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಕೆಳಗಿಳಿಸಿ ಇದು ಇನ್ನೂ ಹತ್ತುತ್ತದೆಯೇ ಎಂದು ವಿಚಾರಿಸುತ್ತಿದ್ದಾರೆ. ‘ಆ ಹಳೇ ಸೀರಿಯಲ್ ಸೆಟ್ಟಿನ ಬೆಳಕು ಈಗಿನದಕ್ಕ ಬರೂದಿಲ್ರೀ’ ಎಂಬ ಮಾತನ್ನು ವಯಸ್ಸಾದವರ ಹಳಹಳಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಮಾತಿನಲ್ಲಿ ಉಪಕರಣದಿಂದ ಅಳೆದು ತೋರಿಸಬಹುದಾದಷ್ಟು ನಿಜವಿದೆ. ಹಳೆಯ ಸರದ ಬೆಳಕು ನೆನಪಿನಲ್ಲಿ ಮಾತ್ರ ಬೇರೆಯಾಗಿರಲಿಲ್ಲ. ಅದು ಭೌತಿಕವಾಗಿಯೇ ಬೇರೆ ಜಾತಿಯ ಬೆಳಕಾಗಿತ್ತು.

ಮೇಣದಬತ್ತಿಯ ಜಾಗಕ್ಕೆ ಬಲ್ಬು ಬಂದದ್ದು

ಕ್ರಿಸ್‌ಮಸ್ ಮರಕ್ಕೆ ದೀಪ ಹಚ್ಚುವ ರೂಢಿ ಜರ್ಮನಿಯ ಮನೆಗಳಿಂದ ಹರಡಿದ್ದು, ಆಗ ದೀಪವೆಂದರೆ ಮೇಣದಬತ್ತಿ. ಒಣಗುತ್ತಿರುವ ಮರದ ಕೊಂಬೆಗಳಿಗೆ ಉರಿಯುವ ಬತ್ತಿಗಳನ್ನು ಸಿಕ್ಕಿಸುವುದು ಎಷ್ಟು ಅಪಾಯಕರವೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು, ಸ್ವಲ್ಪ ಹೊತ್ತು ಮಾತ್ರ ಹಚ್ಚಿ, ಎಲ್ಲರೂ ನೋಡಿದ ಮೇಲೆ ಆರಿಸಿಬಿಡುತ್ತಿದ್ದರು.

ವಿದ್ಯುದ್ದೀಪಗಳ ಸಾಲನ್ನು ಹಬ್ಬಕ್ಕೆ ತಂದವರು ಥಾಮಸ್ ಎಡಿಸನ್ ಮತ್ತು ಅವರ ಬಳಗ. 1880ರ ಡಿಸೆಂಬರಿನಲ್ಲಿ ಎಡಿಸನ್ ಅಮೆರಿಕದ ಮೆನ್ಲೊ ಪಾರ್ಕಿನ ತಮ್ಮ ಪ್ರಯೋಗಾಲಯದ ಹೊರಗೆ ಬಲ್ಬುಗಳನ್ನು ಸಾಲಾಗಿ ತೂಗುಹಾಕಿದ್ದರು. ಪಕ್ಕದ ಹಳಿಯ ಮೇಲೆ ಹೋಗುವ ರೈಲಿನ ಪ್ರಯಾಣಿಕರಿಗೆ ಅವು ಕಾಣುತ್ತಿದ್ದವು. ಎರಡು ವರ್ಷದ ನಂತರ, 1882ರ ಡಿಸೆಂಬರ್ 22ರಂದು, ಅವರ ಸಹವರ್ತಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕೆಂಪು, ಬಿಳಿ, ನೀಲಿ ಬಣ್ಣದ 80 ಸಣ್ಣ ಬಲ್ಬುಗಳನ್ನು ಮರಕ್ಕೆ ಸುತ್ತಿ, ಆ ಮರವೇ ನಿಧಾನವಾಗಿ ತಿರುಗುವಂತೆ ಮಾಡಿದರು. ವಿದ್ಯುತ್ತಿನಿಂದ ಬೆಳಗಿದ ಮೊದಲ ಕ್ರಿಸ್‌ಮಸ್ ಮರವೆಂದು ದಾಖಲಾಗಿರುವುದು ಅದೇ. ಹುಬ್ಬಳ್ಳಿಯನ್ನು ರೈಲ್ವೆ ಊರನ್ನಾಗಿಸಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾದದ್ದೂ ಅದೇ 1882ರಲ್ಲಿ ಎಂಬುದನ್ನು ನೆನೆದರೆ ಆ ಕಾಲ ನಮಗೆ ಎಷ್ಟು ಹಿಂದಿನದೆಂಬುದು ಅಂದಾಜಿಗೆ ಬರುತ್ತದೆ.

ಆದರೂ ಮುಂದಿನ ಎರಡು ದಶಕಗಳ ಕಾಲ ಇದು ಸಿರಿವಂತರ ಆಟವಾಗಿಯೇ ಉಳಿಯಿತು. ಸಿದ್ಧಪಡಿಸಿದ ಸರಗಳು ಸಿಗುತ್ತಿರಲಿಲ್ಲವಾದ್ದರಿಂದ ಪ್ರತಿಯೊಂದು ಬಲ್ಬಿಗೂ ವೈರ್‌ಮನ್ ಕೈಯಿಂದ ತಂತಿ ಜೋಡಿಸಬೇಕಾಗಿತ್ತು. 1890ರ ದಶಕದ ಮಧ್ಯದಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಅವರ ಕಾಲದಲ್ಲಿ ಶ್ವೇತಭವನದ ಮರಕ್ಕೆ ವಿದ್ಯುದ್ದೀಪ ಬಂದ ಮೇಲೆ ಜನರ ಅಂಜಿಕೆ ಕಡಿಮೆಯಾಯಿತು, 20ನೇ ಶತಮಾನದ ಆರಂಭದಲ್ಲಿ ಪ್ಲಗ್ ಸಮೇತ ಸಿದ್ಧವಾದ ಸರಗಳು ಅಂಗಡಿಗೆ ಬಂದವು. ಅಮೆರಿಕದ ಸಣ್ಣಪುಟ್ಟ ತಯಾರಕರು 1920ರ ದಶಕದ ಮಧ್ಯದಲ್ಲಿ ಒಂದಾಗಿ ಕಟ್ಟಿದ ನೋಮಾ ಎಂಬ ಕಂಪನಿ ಮುಂದಿನ ಹಲವು ದಶಕಗಳ ಕಾಲ ಈ ವ್ಯಾಪಾರದ ದೊಡ್ಡ ಹೆಸರಾಗಿತ್ತು. ಇಂದು ಸಂಗ್ರಾಹಕರು ಹುಡುಕಾಡುವ ಸರಗಳಲ್ಲಿ ಬಹುಪಾಲು 1920ರಿಂದ 1970ರವರೆಗಿನ ಕಾಲದವು.

ನಮ್ಮ ಕಡೆ ‘ಹಳೆಯ ಸರ’ ಎಂದರೆ ಬೇರೆಯೇ ವಸ್ತು. ಟಾರ್ಚಿನ ಬಲ್ಬಿನಷ್ಟು ಚಿಕ್ಕದಾದ ಬಲ್ಬುಗಳನ್ನು ತೆಳುವಾದ ವೈರಿಗೆ ಬೆಸುಗೆ ಹಾಕಿ, ಮೇಲೆ ಬಣ್ಣದ ಜಿಲೇಟಿನ್ ಹಾಳೆ ಸುತ್ತಿಯೋ ಹೂವಿನಾಕಾರದ ಪ್ಲಾಸ್ಟಿಕ್ ಟೋಪಿ ಹಾಕಿಯೋ ಮಾಡಿದ ಸೀರಿಯಲ್ ಸೆಟ್ಟೇ ನಮ್ಮ ವಿಂಟೇಜ್. ಎರಡರ ಒಳಗೂ ಕೆಲಸ ಮಾಡುವ ತತ್ತ್ವ ಒಂದೇ ಆದ್ದರಿಂದ ಮುಂದಿನ ವಿವರಣೆ ಎರಡಕ್ಕೂ ಸಲ್ಲುತ್ತದೆ.

ಒಂದು ಬಲ್ಬು ಹೋದರೆ ಎಲ್ಲವೂ ಏಕೆ ಆರುತ್ತಿದ್ದವು

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಚಿಕ್ಕ ಬಲ್ಬು ತಡೆದುಕೊಳ್ಳಬಲ್ಲದ್ದು 6 ವೋಲ್ಟಿನಷ್ಟು ಮಾತ್ರ. ಅದನ್ನು ನೇರವಾಗಿ ಪ್ಲಗ್ಗಿಗೆ ಹಚ್ಚಿದರೆ ಅರೆಕ್ಷಣದಲ್ಲಿ ಸುಟ್ಟುಹೋಗುತ್ತದೆ. ಆದರೆ ಅಂಥ 40 ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆಯಂತೆ ಜೋಡಿಸಿದರೆ 230 ವೋಲ್ಟ್ ಅವುಗಳಲ್ಲಿ ಸಮನಾಗಿ ಹಂಚಿಹೋಗಿ, ಪ್ರತಿಯೊಂದರ ಪಾಲಿಗೆ ಆರಕ್ಕಿಂತ ಸ್ವಲ್ಪ ಕಡಿಮೆ, ಅಂದರೆ 5.75 ವೋಲ್ಟ್ ಬರುತ್ತದೆ. ಈ ಜೋಡಣೆಗೆ ಸರಣಿ ಜೋಡಣೆ ಎಂದು ಹೆಸರು. ‘ಸೀರಿಯಲ್ ಸೆಟ್’ ಎಂಬ ಅಂಗಡಿಯ ಹೆಸರು ಬಂದದ್ದೂ ಇಲ್ಲಿಂದಲೇ.

ಮಲಪ್ರಭಾ ಕಾಲುವೆಯ ಒಂದೇ ಹರಿಗಾಲುವೆ ಹೊಲದಿಂದ ಹೊಲಕ್ಕೆ ಹಾಯ್ದು ಹೋಗುತ್ತಿದೆ, ಬೇರೆ ದಾರಿಯೇ ಇಲ್ಲ ಎಂದು ಭಾವಿಸಿಕೊಳ್ಳಬಹುದು. ನಡುವೆ ಒಬ್ಬರು ಒಡ್ಡು ಹಾಕಿದರೆ ಹರಿವು ನಿಂತುಹೋಗುತ್ತದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯೇ ಇಲ್ಲಿ ಕಾಲುವೆ; ಒಂದು ಬಲ್ಬಿನ ತಂತಿ ಕಡಿದರೆ ಉಳಿದ 39 ಬಲ್ಬುಗಳು ಸರಿಯಾಗಿದ್ದರೂ ಸರ ಕತ್ತಲಾಗುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು, ಏಕೆಂದರೆ ಕಾಲುವೆಯ ಕೊನೆಯ ರೈತನಿಗೆ ನೀರು ಕಡಿಮೆ ತಲುಪುವಂತೆ ಸರದ ಕೊನೆಯ ಬಲ್ಬಿಗೆ ವಿದ್ಯುತ್ ಕಡಿಮೆ ತಲುಪುವುದಿಲ್ಲ. ಸರಣಿಯಲ್ಲಿ ಎಲ್ಲ ಬಲ್ಬುಗಳ ಮೂಲಕವೂ ಒಂದೇ ಪ್ರಮಾಣದ ಪ್ರವಾಹ ಹರಿಯುತ್ತದೆ.

ಕೆಟ್ಟ ಬಲ್ಬು ಯಾವುದೆಂದು ಹುಡುಕುವ ಕೆಲಸವನ್ನು ಹಬ್ಬದ ಮುನ್ನಾದಿನ ಮಾಡಿದವರು ಮರೆತಿರಲಾರರು. ಚೆನ್ನಾಗಿರುವ ಒಂದು ಬಲ್ಬನ್ನು ಕೈಯಲ್ಲಿ ಹಿಡಿದು ಒಂದೊಂದೇ ಜಾಗದಲ್ಲಿ ಹಾಕಿ ನೋಡುತ್ತ ಹೋಗುವುದು ರೂಢಿಯ ವಿಧಾನ. ಆದರೆ ಎರಡು ಬಲ್ಬುಗಳು ಏಕಕಾಲಕ್ಕೆ ಕೆಟ್ಟಿದ್ದರೆ ಈ ವಿಧಾನದಿಂದ ಕೊನೆಯವರೆಗೂ ಏನೂ ತಿಳಿಯುವುದಿಲ್ಲ. ಪ್ಲಗ್ಗನ್ನು ಪೂರ್ತಿ ಕಿತ್ತಿಟ್ಟು, ಮಲ್ಟಿಮೀಟರಿನಿಂದ ಮೊದಲು ಅರ್ಧ ಸರದಲ್ಲಿ ತಂತಿ ಅಖಂಡವಾಗಿದೆಯೇ ಎಂದು ಪರೀಕ್ಷಿಸಿ, ಕಡಿದಿರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋದರೆ 40 ಬಲ್ಬುಗಳ ಸರದಲ್ಲಿ ಹೆಚ್ಚೆಂದರೆ 6 ಪರೀಕ್ಷೆಗಳಲ್ಲಿ ಒಂದು ಕೆಟ್ಟ ಬಲ್ಬು ಸಿಕ್ಕಿಬೀಳುತ್ತದೆ.

ಈ ಕಾಟಕ್ಕೆ ತಯಾರಕರು ಕಂಡುಕೊಂಡ ಉಪಾಯ ಜಾಣತನದ್ದು. ನಂತರದ ಮಿನಿ ಬಲ್ಬುಗಳ ಬುಡದಲ್ಲಿ, ಬೆಳಗುವ ತಂತಿಯ ಕೆಳಗೆ, ಇನ್ನೊಂದು ಗಿಡ್ಡ ತಂತಿಯನ್ನು ಸುತ್ತಿರುತ್ತಾರೆ. ಇದಕ್ಕೆ ಷಂಟ್ ಎನ್ನುತ್ತಾರೆ. ಇದರ ಮೇಲೆ ವಿದ್ಯುತ್ತನ್ನು ಬಿಡದ ಒಂದು ತೆಳು ಲೇಪವಿರುತ್ತದೆ. ಬಲ್ಬು ಚೆನ್ನಾಗಿರುವಾಗ ಅದರ ಮೇಲೆ ಬೀಳುವ 5–6 ವೋಲ್ಟ್ ಆ ಲೇಪವನ್ನು ಭೇದಿಸಲಾರದು. ಬೆಳಗುವ ತಂತಿ ಕಡಿದೊಡನೆ ಮಾತ್ರ ಪೂರ್ಣ 230 ವೋಲ್ಟ್ ಆ ಒಂದೇ ಬಲ್ಬಿನ ಎರಡು ತುದಿಗಳ ನಡುವೆ ಬಂದು ನಿಲ್ಲುತ್ತದೆ. ಲೇಪ ಸುಟ್ಟು, ಷಂಟ್ ತಂತಿಯ ಮೂಲಕ ಹೊಸ ದಾರಿ ತೆರೆದು, ಉಳಿದ ಬಲ್ಬುಗಳು ಮತ್ತೆ ಹತ್ತಿಕೊಳ್ಳುತ್ತವೆ.

ಇದಕ್ಕೊಂದು ಬೆಲೆಯೂ ಇದೆ. ನಾಲ್ಕು ಬಲ್ಬುಗಳು ಹೀಗೆ ಹೋದರೆ ಅದೇ 230 ವೋಲ್ಟ್ ಈಗ 36 ಬಲ್ಬುಗಳಲ್ಲಿ ಹಂಚಿಕೆಯಾಗಿ ಪ್ರತಿಯೊಂದಕ್ಕೂ ಸುಮಾರು 6.4 ವೋಲ್ಟ್ ಬೀಳುತ್ತದೆ. ಹೆಚ್ಚಳ ಶೇಕಡಾ 11ರಷ್ಟೇ ಆದರೂ, ತಂತಿಯ ಬಲ್ಬಿನ ಆಯುಷ್ಯ ವೋಲ್ಟೇಜಿನ ಸುಮಾರು ಹನ್ನೆರಡನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುವುದರಿಂದ, ಉಳಿದ ಬಲ್ಬುಗಳ ಆಯುಷ್ಯ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಒಂದೆರಡು ಬಲ್ಬು ಹೋದ ಸರ ಕೆಲವೇ ದಿನಗಳಲ್ಲಿ ಸಾಲುಸಾಲಾಗಿ ಸಾಯುವುದೇಕೆ ಎಂಬುದಕ್ಕೆ ಇದೇ ಉತ್ತರ. ಕೆಟ್ಟ ಬಲ್ಬನ್ನು ಕಂಡ ದಿನವೇ ಬದಲಿಸಬೇಕೆಂದು ಹಿರಿಯ ವೈರ್‌ಮನ್‌ಗಳು ಹೇಳುತ್ತಿದ್ದುದರ ಹಿಂದೆ ಈ ಲೆಕ್ಕವಿದೆ.

ಮಿಣುಕುವ ಗುಟ್ಟು

ಇಂದಿನ ಸರಗಳ ಪ್ಲಗ್ಗಿನ ಬಳಿ ಒಂದು ಚಿಕ್ಕ ಡಬ್ಬಿ, ಅದರ ಮೇಲೊಂದು ಗುಂಡಿ ಇರುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ನಿಗದಿಯಾದ ಲಯದಲ್ಲಿ ದೀಪಗಳನ್ನು ಆರಿಸಿ ಹೊತ್ತಿಸುತ್ತದೆ. ಚಿಪ್ಪುಗಳು ಅಗ್ಗವಾಗುವುದಕ್ಕಿಂತ ಮೊದಲು ಈ ಕೆಲಸವನ್ನು ಮಾಡುತ್ತಿದ್ದುದು ಬಿಸಿ.

ಸರದ ಒಂದು ವಿಶೇಷ ಬಲ್ಬಿನೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತಿತ್ತು. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಲ್ಬು ಹತ್ತಿದೊಡನೆ ಅದರದೇ ಶಾಖಕ್ಕೆ ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ. ಸರಣಿ ಜೋಡಣೆಯಾದ್ದರಿಂದ ಸರವೆಲ್ಲ ಆರುತ್ತದೆ. ಪಟ್ಟಿ ತಣಿದು ನೆಟ್ಟಗಾದಾಗ ಸಂಪರ್ಕ ಕೂಡಿ ಮತ್ತೆ ಹತ್ತುತ್ತದೆ. ಗಾಳಿ ಬೀಸಿದರೆ, ಚಳಿ ಹೆಚ್ಚಿದರೆ, ಮನೆಯ ವೋಲ್ಟೇಜ್ ಏರಿಳಿದರೆ ಈ ಲಯವೂ ಅಷ್ಟಿಷ್ಟು ಬದಲಾಗುತ್ತಿತ್ತು. ಅಂಥ ಬಲ್ಬು ಸಿಗದಿದ್ದಾಗ ನಮ್ಮ ವೈರ್‌ಮನ್‌ಗಳು ಸರದ ನಡುವೆ ಟ್ಯೂಬ್‌ಲೈಟಿನ ಸ್ಟಾರ್ಟರನ್ನು ಸೇರಿಸಿಬಿಡುತ್ತಿದ್ದರು. ಸ್ಟಾರ್ಟರಿನೊಳಗೂ ಇರುವುದು ಇಂಥದೇ ಜೋಡಿ ಲೋಹದ ಪಟ್ಟಿ. ಅದರ ಮಿಣುಕಿಗೆ ಯಾವ ತಾಳವೂ ಇರಲಿಲ್ಲ. ಒಮ್ಮೆ ಪಟಪಟನೆ, ಒಮ್ಮೆ ನಿಧಾನವಾಗಿ, ಮನಸ್ಸಿಗೆ ಬಂದಂತೆ ಹತ್ತಿ ಆರುತ್ತಿತ್ತು. ಹಳೆಯ ಸರಗಳು ಜೀವವಿದ್ದಂತೆ ಮಿಣುಕುತ್ತಿದ್ದವು ಎಂದು ಅನೇಕರು ವರ್ಣಿಸುವುದಕ್ಕೆ ಈ ಅನಿಯಮಿತತೆ ಒಂದು ಕಾರಣ.

ಬಣ್ಣ, ಬಿಸಿ ಮತ್ತು ಕಣ್ಣು

ಹಳೆಯ ಮತ್ತು ಹೊಸ ಸರಗಳ ನಡುವಿನ ನಿಜವಾದ ಅಂತರ ಇರುವುದು ಬೆಳಕು ಹುಟ್ಟುವ ಬಗೆಯಲ್ಲಿ. ಕಮ್ಮಾರರ ಕುಲುಮೆಯಲ್ಲಿ ಕಬ್ಬಿಣ ಕಾದಂತೆ ಮೊದಲು ಮಂದ ಕೆಂಪು, ಆಮೇಲೆ ಕಿತ್ತಳೆ, ಇನ್ನೂ ಕಾದರೆ ಹಳದಿಯಾಗಿ ಹೊಳೆಯುತ್ತದೆ. ಬಲ್ಬಿನ ಟಂಗ್‌ಸ್ಟನ್ ತಂತಿ ಬೆಳಗುವುದೂ ಇದೇ ನಿಯಮದಿಂದ: ಕಾದ ವಸ್ತುವಿನ ಬೆಳಕಿನ ಬಣ್ಣವನ್ನು ಅದರ ಉಷ್ಣತೆಯೇ ನಿರ್ಧರಿಸುತ್ತದೆ. ಹೀಗಾಗಿ ಬೆಳಕಿನ ಬಣ್ಣವನ್ನು ಉಷ್ಣತೆಯ ಮಾನವಾದ ಕೆಲ್ವಿನ್‌ನಲ್ಲೇ ಹೇಳುತ್ತಾರೆ. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಮನೆಯ ಹಳೆಯ ಬಲ್ಬಿನದು ಸುಮಾರು 2700, ‘ಕೂಲ್ ಡೇಲೈಟ್’ ಎಂದು ಬರೆದ ಎಲ್‌ಇಡಿಯದು 6500. ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿಗೆಂಪು, ಹೆಚ್ಚಾದಷ್ಟೂ ನೀಲಿಬಿಳುಪು. ಹಳೆಯ ಸರದ ಬಲ್ಬುಗಳಿಗೆ ಅವುಗಳ ಶಕ್ತಿಗಿಂತ ಸ್ವಲ್ಪ ಕಡಿಮೆ ವೋಲ್ಟ್ ಕೊಡುತ್ತಿದ್ದುದರಿಂದ ಅವುಗಳ ಬೆಳಕು ಮನೆಯ ಬಲ್ಬಿಗಿಂತಲೂ ಹಳದಿಯಾಗಿ, ಮೇಣದಬತ್ತಿಯ ಕಡೆಗೆ ವಾಲಿರುತ್ತಿತ್ತು.

ಕಾದ ತಂತಿಯ ಬೆಳಕಿನಲ್ಲಿ ಕೆಂಪಿನಿಂದ ನೇರಳೆಯವರೆಗಿನ ಎಲ್ಲ ಬಣ್ಣಗಳೂ ಬಿಡುವಿಲ್ಲದೆ ಬೆರೆತಿರುತ್ತವೆ. ಕೆಂಪು ಹೆಚ್ಚು, ನೀಲಿ ಬಹಳ ಕಡಿಮೆ. ಹಳೆಯ ಬಣ್ಣದ ಬಲ್ಬೆಂದರೆ ಈ ಮಿಶ್ರ ಬೆಳಕಿಗೆ ಬಣ್ಣದ ಗಾಜನ್ನೋ ಮೆರುಗೆಣ್ಣೆಯನ್ನೋ ಅಡ್ಡ ಹಿಡಿದು ಬೇಡದ ಬಣ್ಣಗಳನ್ನು ತಡೆಯುವುದು. ಕೆಂಪು ಬಲ್ಬು ಚೆನ್ನಾಗಿ ಬೆಳಗುತ್ತಿತ್ತು, ಏಕೆಂದರೆ ತಂತಿ ಕೆಂಪನ್ನು ಧಾರಾಳವಾಗಿ ಕೊಡುತ್ತದೆ. ನೀಲಿ ಬಲ್ಬು ಮಾತ್ರ ಸದಾ ಮಂಕು; ತಂತಿಯಲ್ಲೇ ಇಲ್ಲದ ನೀಲಿಯನ್ನು ಗಾಜು ಎಲ್ಲಿಂದ ತರಬೇಕು? ಸರದಲ್ಲಿ ಕೆಂಪು, ಕಿತ್ತಳೆಗಳು ಮುಂದೆ ನಿಂತು, ಹಸಿರು ಅವುಗಳ ಹಿಂದೆ, ನೀಲಿ ಎಲ್ಲಕ್ಕಿಂತ ಹಿಂದೆ ಗಾಢವಾಗಿ ಉಳಿಯುತ್ತಿತ್ತು.

ಎಲ್‌ಇಡಿಯಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕವೆಂಬ ಪದಾರ್ಥದೊಳಗೆ ಎಲೆಕ್ಟ್ರಾನುಗಳು ಒಂದು ಶಕ್ತಿಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುವಾಗ ಬೆಳಕನ್ನು ಬಿಡುತ್ತವೆ, ಇಳಿತದ ಎತ್ತರ ನಿಗದಿಯಾಗಿರುವುದರಿಂದ ಬೆಳಕೂ ಒಂದೇ ಬಣ್ಣದ ಕಿರಿದಾದ ಪಟ್ಟಿಯಾಗಿರುತ್ತದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿ ಎಲ್‌ಇಡಿಗೆ ಮಾತ್ರ ಜಗತ್ತು 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಇಂದಿನ ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಬೀರುವ ಫಾಸ್ಫರ್ ಪುಡಿಯ ಲೇಪ.

ಈ ಸಾಧನೆಯಿಂದ ಹಬ್ಬದ ಸರದ ಬಣ್ಣಗಳ ಸಮತೋಲನ ತಲೆಕೆಳಗಾಯಿತು. ಹಿಂದೆ ಎಲ್ಲಕ್ಕಿಂತ ಮಂಕಾಗಿದ್ದ ನೀಲಿಯೇ ಈಗ ಕಣ್ಣು ಕುಕ್ಕುತ್ತದೆ. ನಮ್ಮ ಕಣ್ಣಿನ ಮಸೂರ ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಅದರ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ತುಸು ಮುಂದೆಯೇ ಕೂಡುತ್ತದೆ. ಕತ್ತಲಲ್ಲಿ ದೂರದ ನೀಲಿ ದೀಪಗಳ ಅಂಚು ಮಸುಕಾಗಿ, ಸುತ್ತ ಒಂದು ಪ್ರಭೆ ಹರಡಿದಂತೆ ಕಾಣುವುದು ಇದರಿಂದಲೇ. ಅಂಗಡಿ ಬೀದಿಯಲ್ಲಿ ನಿಂತು ನೀಲಿ ಸರವನ್ನೂ ಕೆಂಪು ಸರವನ್ನೂ ಅಕ್ಕಪಕ್ಕದಲ್ಲಿ ನೋಡಿದರೆ ಈ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ.

ಬೆಳಕಿನ ನಡುಕವೂ ಒಂದು ಕಾರಣ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಬಾರಿ ಆ ದಿಕ್ಕಿಗೂ ಈ ದಿಕ್ಕಿಗೂ ಹರಿದು ಸುತ್ತು ಮುಗಿಸುವ ಪರ್ಯಾಯ ಪ್ರವಾಹ, ಅಂದರೆ ಸೆಕೆಂಡಿಗೆ 100 ಬಾರಿ ಅದು ಸೊನ್ನೆಯನ್ನು ಮುಟ್ಟಿ ದಿಕ್ಕು ಬದಲಿಸುತ್ತದೆ. ಕಾದ ತಂತಿಗೆ ಅಷ್ಟರೊಳಗೆ ತಣಿಯಲು ಸಮಯವಿಲ್ಲದಿರುವುದರಿಂದ ಅದರ ಬೆಳಕು ಹೆಚ್ಚುಕಡಿಮೆ ಸ್ಥಿರ. ಎಲ್‌ಇಡಿ ಪ್ರವಾಹ ನಿಂತ ಕ್ಷಣವೇ ಆರುತ್ತದೆ, ಮೇಲಾಗಿ ಒಂದೇ ದಿಕ್ಕಿನ ಪ್ರವಾಹಕ್ಕೆ ಮಾತ್ರ ಹೊತ್ತುತ್ತದೆ. ಅಗ್ಗದ ಸರಗಳಲ್ಲಿ ಇದನ್ನು ಸರಿಪಡಿಸುವ ಭಾಗವನ್ನು ಕೈಬಿಟ್ಟಿರುತ್ತಾರಾದ್ದರಿಂದ ದೀಪಗಳು ಸೆಕೆಂಡಿಗೆ 50 ಬಾರಿ ಹತ್ತಿ ಆರುತ್ತಿರುತ್ತವೆ. ನೇರವಾಗಿ ನೋಡಿದರೆ ಇದು ತಿಳಿಯದು. ಕಣ್ಣನ್ನು ಸರ್ರನೆ ಆ ಕಡೆ ಈ ಕಡೆ ಹೊರಳಿಸಿದಾಗ ಒಂದು ದೀಪ ಚುಕ್ಕಿಗಳ ಸಾಲಾಗಿ ಕಾಣುತ್ತದೆ. ಮೊಬೈಲಿನ ಸ್ಲೋ ಮೋಷನ್ ವಿಡಿಯೋದಲ್ಲಿ ಇನ್ನೂ ಸ್ಪಷ್ಟವಾಗಿ ಸಿಕ್ಕಿಬೀಳುತ್ತದೆ.

ಎಲ್‌ಇಡಿಯ ಪರವಾಗಿ ಹೇಳಬೇಕಾದ ಮಾತು ದೊಡ್ಡದೇ ಇದೆ. ಹಳೆಯ ಬಲ್ಬು ಸೇವಿಸಿದ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 5ನ್ನು ಮಾತ್ರ ಬೆಳಕಾಗಿಸಿ ಉಳಿದುದನ್ನೆಲ್ಲ ಶಾಖವಾಗಿ ಕಳೆಯುತ್ತದೆ. ತಲಾ 7 ವ್ಯಾಟಿನ 25 ದಪ್ಪ ಬಲ್ಬುಗಳ ಸರ 175 ವ್ಯಾಟ್ ಎಳೆಯುತ್ತದೆ. ದಿನಕ್ಕೆ 5 ಗಂಟೆಯಂತೆ 20 ದಿನ ಹಚ್ಚಿದರೆ ಹೆಸ್ಕಾಂ ಮೀಟರಿನಲ್ಲಿ 17.5 ಯೂನಿಟ್ ಏರುತ್ತದೆ. 5 ವ್ಯಾಟಿನ ಎಲ್‌ಇಡಿ ಸರಕ್ಕೆ ಅಷ್ಟೇ ಅವಧಿಯಲ್ಲಿ ಅರ್ಧ ಯೂನಿಟ್ ಸಾಕು.

ಸಂಗ್ರಾಹಕರು ಹುಡುಕುವ ವಸ್ತುಗಳು

ಹಳೆಯ ಅಮೆರಿಕನ್ ಬಲ್ಬುಗಳ ಮೇಲೆ ಸಿ-6, ಸಿ-7, ಸಿ-9 ಎಂಬ ಗುರುತು ಕಾಣುತ್ತದೆ. ‘ಸಿ’ ಶಂಕುವಿನ ಆಕಾರವನ್ನೂ, ಸಂಖ್ಯೆ ಇಂಚಿನ ಎಂಟನೆಯ ಭಾಗಗಳಲ್ಲಿ ಬಲ್ಬಿನ ದಪ್ಪವನ್ನೂ ಸೂಚಿಸುತ್ತವೆ. ಸಿ-9 ಎಂದರೆ ಒಂದು ಇಂಚಿಗಿಂತ ತುಸು ಹೆಚ್ಚು ದಪ್ಪ. ಸಿ-6 ಬಲ್ಬುಗಳನ್ನು ಎಂಟೆಂಟರಂತೆ ಸರಣಿಯಲ್ಲಿ ಜೋಡಿಸುತ್ತಿದ್ದರು. ಸಿ-7, ಸಿ-9ಗಳಲ್ಲಿ ಪ್ರತಿ ಬಲ್ಬಿಗೂ ಸ್ವತಂತ್ರವಾಗಿ ಪೂರ್ಣ ವೋಲ್ಟೇಜ್ ಸಿಗುವ ಸಮಾಂತರ ಜೋಡಣೆ ಇರುವುದರಿಂದ ಒಂದು ಕೆಟ್ಟರೂ ಉಳಿದವು ಬೆಳಗುತ್ತಿರುತ್ತವೆ.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಗುಳ್ಳೆ ದೀಪ. ಅಮೆರಿಕದಲ್ಲಿ ನೋಮಾ ಕಂಪನಿ 1946ರಲ್ಲಿ ಮಾರುಕಟ್ಟೆಗೆ ತಂದ ಇದರಲ್ಲಿ ಮೇಣದಬತ್ತಿಯಂಥ ಗಾಜಿನ ನಳಿಗೆಯೊಳಗೆ ಬಣ್ಣದ ದ್ರವವಿರುತ್ತದೆ. ಕೆಳಗಿನ ಪುಟ್ಟ ಬಲ್ಬಿನ ಬಿಸಿಗೆ ಆ ದ್ರವ ಸದಾ ಕುದಿಯುತ್ತ ಗುಳ್ಳೆಗಳನ್ನು ಮೇಲಕ್ಕೆ ಕಳಿಸುತ್ತಿರುತ್ತದೆ. ಒಳಗಿರುವುದು ನೀರಲ್ಲ, ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಮೆಥಿಲೀನ್ ಕ್ಲೋರೈಡ್. ಅದರ ಆವಿ ವಿಷಕಾರಿಯಾದ್ದರಿಂದ ಒಡೆದ ಗುಳ್ಳೆ ದೀಪವನ್ನು ಬರಿಗೈಯಲ್ಲಿ ಮುಟ್ಟದೆ, ಮೊದಲು ಕಿಟಕಿ ಬಾಗಿಲು ತೆರೆಯಬೇಕು. ಎಲ್‌ಇಡಿ ಅಷ್ಟು ಬಿಸಿಯನ್ನು ಕೊಡದ ಕಾರಣ ಈ ಆಟ ಅದರಿಂದ ಸಾಧ್ಯವಿಲ್ಲ. ಇಂದಿಗೂ ಗುಳ್ಳೆ ದೀಪಕ್ಕೆ ತಂತಿಯ ಬಲ್ಬೇ ಬೇಕು.

ಬಣ್ಣದ ಗಾಜಿನ ಗುಂಡುಗಳ ತವರು ಜರ್ಮನಿಯ ಲಾಉಷಾ ಎಂಬ ಗಾಜುಗಾರರ ಊರು. ಊದಿ ಉಬ್ಬಿಸಿದ ತೆಳುಗಾಜಿನ ಒಳಮೈಗೆ ಬೆಳ್ಳಿಯ ಲೇಪ ಕೊಟ್ಟು ಹೊರಗೆ ಬಣ್ಣ ಬಳಿಯುತ್ತಿದ್ದರು. ಧೂಳಾಗಿದೆಯೆಂದು ಹಳೆಯ ಗುಂಡನ್ನು ನೀರಿನಲ್ಲಿ ತೊಳೆದರೆ ಬಣ್ಣವೂ ಬೆಳ್ಳಿಯೂ ಎದ್ದುಬರುವ ಸಂಭವವಿದೆ. ಒಣಗಿದ ಮೃದು ಕುಂಚದಿಂದ ಸವರಿದರೆ ಸಾಕು. ಹಳೆಯ ಅಮೆರಿಕನ್ ಅಲಂಕಾರದ ಪೆಟ್ಟಿಗೆಗಳಲ್ಲಿ ಎರಡು ವಸ್ತುಗಳ ಬಗ್ಗೆ ಮಾತ್ರ ಎಚ್ಚರ ಅಗತ್ಯ. ಮರಕ್ಕೆ ಇಳಿಬಿಡುತ್ತಿದ್ದ ಹೊಳೆಯುವ ಎಳೆಗಳನ್ನು 1970ರ ದಶಕದ ಆರಂಭದವರೆಗೂ ಸೀಸದಿಂದ ಮಾಡುತ್ತಿದ್ದರು, ಅದಕ್ಕೂ ಮುಂಚಿನ ಕೃತಕ ಹಿಮದ ಪುಡಿ ಕೆಲವೊಮ್ಮೆ ಶುದ್ಧ ಆಸ್‌ಬೆಸ್ಟಾಸ್ ಆಗಿರುತ್ತಿತ್ತು. ಇವೆರಡನ್ನೂ ಮನೆಯಲ್ಲಿ ಬಳಸಬಾರದು.

ನೆನಪು ದೀಪಕ್ಕೆ ಅಂಟಿಕೊಳ್ಳುವ ಬಗೆ

ಬಿಟ್ಟುಬಂದ ಕಾಲ ಮತ್ತು ಊರಿನ ಹಂಬಲವನ್ನು ಮೊದಲು ವೈದ್ಯಕೀಯವಾಗಿ ವಿವರಿಸಿದವರು ಯೊಹಾನೆಸ್ ಹೋಫರ್ ಎಂಬ ವಿದ್ಯಾರ್ಥಿ. 1688ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಅದನ್ನೊಂದು ರೋಗವೆಂದೇ ಪರಿಗಣಿಸಿದ್ದರು. ಅದೇ ಬಾಸೆಲ್ ನಗರದ ಮಿಷನ್ನಿನವರು ಒಂದೂವರೆ ಶತಮಾನದ ನಂತರ ತಮ್ಮ ಊರನ್ನು ಬಿಟ್ಟು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಗೆ ಬಂದು ನೆಲೆಸಿದರು ಎಂಬುದು ಇಲ್ಲಿ ನೆನಪಾಗದೆ ಇರದು.

ಇಂದಿನ ಮನಶ್ಶಾಸ್ತ್ರ ಈ ಹಂಬಲವನ್ನು ರೋಗವೆನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕೀಡಿಸ್ ಮತ್ತು ಸಂಗಡಿಗರ ಅಧ್ಯಯನಗಳ ಪ್ರಕಾರ ಹಳೆಯದನ್ನು ನೆನೆಯುವುದು ಒಂಟಿತನವನ್ನು ತಗ್ಗಿಸಿ ತನ್ನವರ ನಡುವೆ ಇದ್ದೇನೆಂಬ ಭಾವವನ್ನು ಬಲಪಡಿಸುತ್ತದೆ. ದೀಪದ ಸರಕ್ಕೆ ಇದರಲ್ಲಿ ವಿಶೇಷ ಸ್ಥಾನ ಸಿಗಲು ಕಾರಣ ಸರಳ: ಅದು ವರ್ಷದಲ್ಲಿ ಕೆಲವೇ ದಿನ ಹೊರಬರುತ್ತದೆ. ದಿನನಿತ್ಯ ಕಾಣುವ ಟ್ಯೂಬ್‌ಲೈಟಿನ ಮೇಲೆ ಸಾವಿರಾರು ದಿನಗಳ ನೆನಪು ಬಿದ್ದು ಯಾವುದೂ ಎದ್ದು ಕಾಣುವುದಿಲ್ಲ. ಹಬ್ಬಕ್ಕಷ್ಟೇ ಹತ್ತುವ ದೀಪದ ಜೊತೆಗೆ ಆ ಮನೆಯಲ್ಲಿ ಅಂದು ಕೂಡಿದ್ದವರ ನೆನಪು ಮಾತ್ರ ಉಳಿಯುತ್ತದೆ. ಕ್ರಿಸ್‌ಮಸ್ಸಿನ ಸರಕ್ಕೂ ದೀಪಾವಳಿಯ ಆಕಾಶಬುಟ್ಟಿಗೂ ಈ ವಿಷಯದಲ್ಲಿ ಭೇದವಿಲ್ಲ.

ಅಟ್ಟದ ಸರವನ್ನು ಮತ್ತೆ ಹಚ್ಚುವ ಮುನ್ನ

ಹಳೆಯ ಸೀರಿಯಲ್ ಸೆಟ್ಟಿನ ಬಗ್ಗೆ ಬಹಳ ಜನರಲ್ಲಿರುವ ತಪ್ಪು ತಿಳಿವಳಿಕೆ ಎಂದರೆ, ಬಲ್ಬು 6 ವೋಲ್ಟಿನದ್ದಾದ್ದರಿಂದ ಮುಟ್ಟಿದರೂ ಏನೂ ಆಗದು ಎಂಬುದು. ಇದು ಜೀವಕ್ಕೇ ಅಪಾಯ ತರುವ ತಪ್ಪು. ಸರಣಿಯಲ್ಲಿ ಎಲ್ಲಿ ಕಡಿತವಿದೆಯೋ ಅಲ್ಲಿ ಪೂರ್ಣ 230 ವೋಲ್ಟ್ ಬಂದು ಕಾದಿರುತ್ತದೆ. ಒಂದು ಬಲ್ಬನ್ನು ಕಿತ್ತ ಖಾಲಿ ಹೋಲ್ಡರಿನಲ್ಲಿ ಇರುವುದು ಮನೆಯ ಪ್ಲಗ್ಗಿನಲ್ಲಿರುವಷ್ಟೇ ವಿದ್ಯುತ್. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತ ಮೇಲೆ ಬಲ್ಬಿಗೆ ಕೈ ಹಾಕಬೇಕು.

ವೈರಿನ ಹೊದಿಕೆಯನ್ನು ಮೊದಲು ನೋಡಬೇಕು. ಹಳೆಯ ರಬ್ಬರ್ ಶಾಖಕ್ಕೂ ಗಾಳಿಗೂ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಪಿವಿಸಿ ಪ್ಲಾಸ್ಟಿಕ್ ಕೂಡ ವರ್ಷಗಳು ಕಳೆದಂತೆ ಮೃದುತ್ವ ಕಳೆದುಕೊಂಡು ಸೆಟೆಯುತ್ತದೆ, ಅಟ್ಟದ ಮೇಲಿನ ಇಲಿಗಳು ತಮ್ಮ ಪಾಲಿನ ಕೆಲಸವನ್ನು ಮಾಡಿರುತ್ತವೆ. ಮೆಲ್ಲನೆ ಬಾಗಿಸಿದಾಗ ಹೊದಿಕೆ ಚಟಪಟನೆ ಒಡೆದರೆ ಆ ವೈರಿಗೆ ಟೇಪು ಸುತ್ತಿ ಕಾಲ ತಳ್ಳುವುದು ಸರಿಯಲ್ಲ. ಬಲ್ಬುಗಳನ್ನು ಉಳಿಸಿಕೊಂಡು ಹೊಸ ವೈರಿಗೆ ಹಾಕಿಸಬಹುದು. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಇದ್ದರೆ ವಿದ್ಯುತ್ ಸೋರಿಕೆಯಾದೊಡನೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ. ಹಳೆಯ ಸರ ಹಚ್ಚುವ ಮನೆಯಲ್ಲಿ ಅದು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕಾಗದದ ನಕ್ಷತ್ರದೊಳಗೆ 40 ವ್ಯಾಟಿನ ಹಳೆಯ ಬಲ್ಬು ತೂಗುಬಿಡುವುದು ಒಂದು ಕಾಲದ ರೂಢಿ. ಗಾಳಿಗೆ ನಕ್ಷತ್ರ ತೂಗಾಡಿ ಕಾಗದ ಬಲ್ಬಿಗೆ ತಾಗಿದರೆ ಕಂದುಬಣ್ಣಕ್ಕೆ ತಿರುಗಿ, ಆಮೇಲೆ ಹೊತ್ತಿಕೊಳ್ಳಬಹುದು. ಮರವಾಗಿ ನಿಲ್ಲಿಸುವ ಸರ್ವೆಯ ಕೊಂಬೆಗಳೂ ವಾರದೊಳಗೆ ಒಣಗಿ ಕಡ್ಡಿಯಾಗುತ್ತವೆ. ಬಿಸಿಯಾಗುವ ದಪ್ಪ ಬಲ್ಬುಗಳನ್ನು ಇವೆರಡರಿಂದಲೂ ದೂರವಿಟ್ಟು, ಅಲ್ಲಿಗೆ ಎಲ್‌ಇಡಿಯನ್ನೇ ಬಳಸುವುದು ಕ್ಷೇಮ.

ಅಮೆರಿಕದಿಂದ ತಂದ ಸರವನ್ನು ನಮ್ಮ ಪ್ಲಗ್ಗಿಗೆ ನೇರವಾಗಿ ಹಚ್ಚುವಂತಿಲ್ಲ. ಅಲ್ಲಿನ ವೋಲ್ಟೇಜ್ 120, ನಮ್ಮದು ಅದರ ಸುಮಾರು ಎರಡರಷ್ಟು. ಪ್ಲಗ್ಗಿನ ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಸರದ ಒಟ್ಟು ವ್ಯಾಟಿಗಿಂತ ಹೆಚ್ಚಿನ ಸಾಮರ್ಥ್ಯದ, ವೋಲ್ಟೇಜನ್ನು ತಗ್ಗಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. 120ರ ಬದಲು 108 ವೋಲ್ಟ್ ಕೊಡುವಂತೆ ಅದನ್ನು ಹೊಂದಿಸಿಕೊಂಡರೆ ಬೆಳಕು ಸ್ವಲ್ಪ ತಗ್ಗಿ ಇನ್ನಷ್ಟು ಹಳದಿಯಾಗುತ್ತದೆ, ಬಲ್ಬಿನ ಆಯುಷ್ಯ ಮಾತ್ರ ಮೂರು ಪಟ್ಟಿಗೂ ಮೀರಿ ಬೆಳೆಯುತ್ತದೆ. ಮತ್ತೆ ಸಿಗದ ಬಲ್ಬುಗಳಿಗೆ ಇದಕ್ಕಿಂತ ಒಳ್ಳೆಯ ಆರೈಕೆಯಿಲ್ಲ.

ಹೊಸ ಸರದಲ್ಲಿ ಹಳೆಯ ಬೆಳಕು ಬೇಕೆಂದರೆ

ಪೆಟ್ಟಿಗೆಯ ಮೇಲಿನ ‘ವಿಂಟೇಜ್’ ಎಂಬ ಮಾತಿಗೆ ಯಾವ ನಿಗದಿತ ಅರ್ಥವೂ ಇಲ್ಲ. ಅದರ ಬದಲು ಕೆಲ್ವಿನ್ ಸಂಖ್ಯೆಯನ್ನು ನೋಡಬೇಕು: 2700 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹಳೆಯ ಬಲ್ಬಿನ ಬಣ್ಣಕ್ಕೆ ಹತ್ತಿರ, 2200 ಇದ್ದರೆ ಇನ್ನೂ ಹತ್ತಿರ. ಸಂಖ್ಯೆ ಬರೆದಿರದಿದ್ದರೆ ಅಂಗಡಿಯಲ್ಲೇ ಹಚ್ಚಿಸಿ ಅಂಗೈಯನ್ನು ಆ ಬೆಳಕಿನಲ್ಲಿ ಹಿಡಿದು ನೋಡಬಹುದು. ಚರ್ಮ ಬೂದಿಬಣ್ಣಕ್ಕೆ ತಿರುಗಿದಂತೆ ಕಂಡರೆ ಅದರಲ್ಲಿ ಕೆಂಪು ಸಾಲದು.

ಎಡಿಸನ್ ಬಲ್ಬಿನಂತೆ ಕಾಣುವ ಫಿಲಮೆಂಟ್ ಎಲ್‌ಇಡಿಗಳಲ್ಲಿ ಕಾಣುವ ಹಳದಿ ಕಡ್ಡಿ ನಿಜವಾದ ತಂತಿಯಲ್ಲ, ಚಿಕ್ಕಚಿಕ್ಕ ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿ ಮೇಲೆ ಫಾಸ್ಫರ್ ಲೇಪಿಸಿದ ಪಟ್ಟಿ. ಸಾಮಾನ್ಯ ಎಲ್‌ಇಡಿ ಒಂದೇ ದಿಕ್ಕಿಗೆ ಬೆಳಕು ಚೆಲ್ಲಿದರೆ ಇವು ಸುತ್ತಲೂ ಚೆಲ್ಲುವುದರಿಂದ ಹಳೆಯ ಬಲ್ಬಿನ ರೂಪಕ್ಕೆ ಹೆಚ್ಚು ಒಪ್ಪುತ್ತವೆ. ಬಣ್ಣದ ಸರ ಬೇಕಾದವರು ನೇರವಾಗಿ ಬಣ್ಣದ ಎಲ್‌ಇಡಿ ಇರುವುದನ್ನು ಬಿಟ್ಟು, ಹಳದಿಬಿಳುಪಿನ ಎಲ್‌ಇಡಿಯ ಮೇಲೆ ಬಣ್ಣದ ಟೋಪಿ ಹಾಕಿದ ಸರವನ್ನು ಆರಿಸಿದರೆ ನೀಲಿ ಮತ್ತೆ ತನ್ನ ಹಿಂದಿನ ಸ್ಥಾನಕ್ಕೆ ಸರಿಯುತ್ತದೆ. ಅಂಗಡಿಯಲ್ಲಿ ಸಿಕ್ಕದಿದ್ದರೆ ಹಳೆಯ ಸರದ ಹೂವಿನ ಟೋಪಿಗಳನ್ನೇ ಹೊಸ ಬಿಳಿ ಸರಕ್ಕೆ ಹಾಕಬಹುದು. ಎಲ್‌ಇಡಿ ಹೆಚ್ಚು ಬಿಸಿಯಾಗದ ಕಾರಣ ಅವು ಕರಗುವ ಭಯವೂ ಇಲ್ಲ. ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಗುರುತು ಇದೆಯೇ ಎಂದು ನೋಡಿ, ಅಂಗಡಿಯವರ ಎದುರಿಗೇ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ನಡುಕವನ್ನು ಪರೀಕ್ಷಿಸಿದರೆ, 50 ಬಾರಿ ಆರುವ ಸರ ಯಾವುದು, ಸ್ಥಿರವಾದದ್ದು ಯಾವುದು ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ.